ಎರೆಹೊಲದ ಕೂರಿಗೆ

ನಾನೊಂದು ಕೂರಿಗೆ. ಹಳ್ಳದ ದಂಡೆಯಲ್ಲಿ ಜಾಲಿಮರವಾಗಿದ್ದೆ. ಬಡಿಗೇರ ಮೌನೇಶಪ್ಪ ಕಡಿದು, ದಪ್ಪನೆಯ ದಿಂಡು ಕೆತ್ತಿ, ಅದಕ್ಕೆ ನೆಲ ಸೀಳುವ ಮೂರು ತಾಳು ಜೋಡಿಸಿ, ಬೀಜ ಇಳಿಯಲು ಬಿದಿರಿನ ಕೊಳವೆ ಸಿಕ್ಕಿಸಿದ. ಮುದಕಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದ. ಅವನ ಹೆಂಡತಿ ಫಕೀರವ್ವ ಕುಂಕುಮ ಹಚ್ಚಿದಳು.

ಆರೆಕರೆ ಎರೆಹೊಲ. ಹಿಂಗಾರಿ ಹದಕ್ಕೆ ಮುದಕಪ್ಪ ಎತ್ತು ಹೊಡೆಯುತ್ತಿದ್ದ. ಫಕೀರವ್ವ ಉಡಿಯಿಂದ ಜೋಳ ತೆಗೆದು ನನ್ನ ಬಟ್ಟಲಿಗೆ ಬಿಡುತ್ತಿದ್ದಳು. ಪುಷ್ಯ ಮಾಸಕ್ಕೆ ಆ ಕರಿನೆಲ ನೋಡಬೇಕಿತ್ತು! ಮುತ್ತು ಕಟ್ಟಿದ ಬಿಳಿಜೋಳದ ತೆನೆ, ನಡುವೆ ಹಳದಿ ಕುಸುಬಿಯ ಸಾಲು, ಗುಂಪುಗುಂಪಾಗಿ ಏಳುವ ಗಿಳಿ.

ಮುದಕಪ್ಪ ತೀರಿಕೊಂಡ. ಹೊಲದ ಹಿಂದಿನ ಮೂಲೆಯಲ್ಲೇ ಅವನನ್ನು ಮಣ್ಣು ಮಾಡಿದರು. ಹೊಲ ಪಾಲಾಯಿತು. ರಸ್ತೆಯ ಬದಿಯ ಮೂರೆಕರೆ ಅವನ ತಮ್ಮ ಈರಣ್ಣನಿಗೆ, ಹಿಂದಿನ ಮೂರೆಕರೆ ಫಕೀರವ್ವನಿಗೆ. ಈರಣ್ಣ ಮರುವರ್ಷವೇ ತನ್ನ ಪಾಲನ್ನು ಲೇಔಟಿನವರಿಗೆ ಮಾರಿದ. ಅವರು ಎದೆಮಟ್ಟದ ಗೋಡೆ ಎಬ್ಬಿಸಿದರು. ಬಂಡಿಯ ದಾರಿ ಮುಚ್ಚಿತು.

"ವೈನಿ, ನೀನೂ ಕೊಟ್ಟುಬಿಡು. ದಾರಿ ಇಲ್ಲದ ಹೊಲಾ ಯಾರು ತಗೋತಾರ?" ಎಂದ ಈರಣ್ಣ.

"ನಿಮ್ಮಣ್ಣನ್ನ ಹೊತಗೊಂಡು ಹೋದ ದಾರೀನ ಮಾರಿದೆಲ್ಲೋ," ಎಂದಳು ಫಕೀರವ್ವ. "ನಾಳೆ ನನ್ನ ಯಾವ ದಾರೀಲೆ ಒಯ್ತೀ?"

ನಾನು ಈರಣ್ಣನ ಕಾಲ ಬುಡದಲ್ಲೇ ಇದ್ದೆ. ನನಗೆ ಕೈ ಇರಲಿಲ್ಲ, ಅವನ ಪುಣ್ಯ.

ಹದ ಯಾರಿಗೂ ಕಾಯುವುದಿಲ್ಲ. ಎತ್ತು ಗೋಡೆ ದಾಟುವಂತಿರಲಿಲ್ಲ. ಫಕೀರವ್ವ, ಮಗಳು ಶಾಂತವ್ವ, ಓಣಿಯ ಮೂವರು ಹೆಂಗಸರು ಸೇರಿ ನನ್ನನ್ನು ಗೋಡೆಯಾಚೆ ಇಳಿಸಿದರು. ನಾಲ್ವರು ಹಗ್ಗ ಹೆಗಲಿಗೆ ಹಾಕಿ ಎಳೆದರು. ಶಾಂತವ್ವ ಬೀಜ ಬಿಟ್ಟಳು. ಐದು ದಿನ! ಹಗ್ಗ ಕೊರೆದು ಫಕೀರವ್ವನ ಕುಪ್ಪಸಕ್ಕೆ ರಕ್ತ ಹತ್ತಿತು. ಲೇಔಟಿನವರು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ನಕ್ಕರು. ಬೆಳೆ ಬಂತು. ಕೊಯ್ದು ಕಟ್ಟಿ, ಸಿವುಡು ಸಿವುಡಾಗಿ ತಲೆಯ ಮೇಲೆ ಹೊತ್ತು ಗೋಡೆ ದಾಟಿಸಿದರು.

ಮುಂದಿನ ಮಳೆಗೆ ಗೋಡೆಯ ಇನ್ನೊಂದು ಗುಣ ತಿಳಿಯಿತು. ಹರಿದು ಹೋಗಬೇಕಾದ ನೀರು ಹೊಲದಲ್ಲೇ ನಿಂತಿತು. ಎರಡು ವರ್ಷ ಬಿತ್ತನೆಯಿಲ್ಲ. ಎರೆಮಣ್ಣು ಕೊಳೆತು ನಾರಿತು. ಫಕೀರವ್ವ ತಾಲೂಕು ಕಚೇರಿಗೆ ಅಲೆದಳು. "ಸಾಹೇಬ್ರು ಇಲ್ಲ" ಎಂಬ ಮಾತು ಬಿಟ್ಟರೆ ಏನೂ ಸಿಗಲಿಲ್ಲ. ಕೊನೆಗೆ ಲೇಔಟಿನವರ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಮಾರಿದಳು ಎಂದು ಊರು ಹೇಳುತ್ತದೆ. ಸುಳ್ಳು. ಕಸಿದುಕೊಂಡರು.

ಅವಳು ಮಗಳ ಬಾಣಂತನಕ್ಕೆ ಹೋದಾಗ ಈರಣ್ಣ ನನ್ನನ್ನು ಹಿತ್ತಿಲಿನಿಂದ ಎತ್ತಿ ಲೇಔಟಿನವರಿಗೆ ಕೊಟ್ಟ. ಅವರು ನನಗೆ ಕೆಂಪು ಬಣ್ಣ ಬಳಿದು ಹೆಬ್ಬಾಗಿಲ ಕಟ್ಟೆಯ ಮೇಲೆ ಬೋಲ್ಟು ಹಾಕಿ ನಿಲ್ಲಿಸಿದರು. ಕೆಳಗೆ ಬೋರ್ಡು: 'ರೈತಸಿರಿ ನಗರ'. ರೈತ ಹೆಣ್ಣನ್ನು ಓಡಿಸಿ ರೈತನ ಹೆಸರು!

ತಿಂಗಳಾದ ಮೇಲೆ ಫಕೀರವ್ವ ಬಂದಳು. ಕಟ್ಟೆ ಹತ್ತಿ ಬಂಡಿಯ ನಟ್ಟು ತಿರುಗಿಸುವ ಪಾನದಿಂದ ಬೋಲ್ಟು ಬಿಚ್ಚತೊಡಗಿದಳು.

"ಏ ಅಜ್ಜಿ, ಚಂದ ಕಾಣಲಿ ಅಂತ ಶೋಕ್ಕ ಇಟ್ಟದ್ದು ಅದು!" ಕಾವಲುಗಾರ ಕೂಗಿದ.

"ಶೋಕ್ಕ ನಿಮ್ಮ ಸಾಹೇಬನ್ನ ನಿಲ್ಲಸು. ಇದು ದುಡದ ಜೀವ. ಒಲಿಗೆ ಹಾಕತೀನಿ, ಇಲ್ಲಿ ಬಿಡಂಗಿಲ್ಲ."

ಅವನು ತಡೆಯಲಿಲ್ಲ. ಅವಳ ಮುಖ ಹಾಗಿತ್ತು.

ಹೇಳಿದಂತೆಯೇ ಮಾಡಿದಳು. ಕೊಳವೆ ಉರಿದವು, ತಾಳು ಉರಿದವು. ಈಗ ಒಲೆಯ ಪಕ್ಕದ ಮೂಲೆಯಲ್ಲಿ ದಿಂಡಾಗಿ ಮಾತ್ರ ಉಳಿದಿದ್ದೇನೆ; ನಾಳೆಯೋ ನಾಡಿದ್ದೋ ನನ್ನ ಸರದಿ. ಅವರ ಬಾಗಿಲಿಗೆ ಚಂದ ಕಾಣುವುದಕ್ಕಿಂತ ಅವಳ ಹಂಚಿಗೆ ಉರಿಯಾಗುವುದು ನನಗೆ ಮರ್ಯಾದೆ. ಆದರೆ ಆ ಹಂಚಿನ ಮೇಲೆ ಬೇಯುವ ರೊಟ್ಟಿಯ ಜೋಳವನ್ನು ಫಕೀರವ್ವ ಈಗ ಅಂಗಡಿಯಿಂದ ತರುತ್ತಾಳೆ. ಆ ಸಿಟ್ಟು ಮಾತ್ರ ಯಾವ ಒಲೆಯಲ್ಲೂ ಬೂದಿಯಾಗುವುದಿಲ್ಲ.