ಮದ್ದು ಬೆರೆಸಿದ ಪ್ಲೇಟು

ನನ್ನ ಕೆಲಸವನ್ನು ಅಮ್ಮ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ: "ಇವಳು ಕ್ರಿಮಿಗಳಿಗೆ ಅಡುಗೆ ಮಾಡಿ ಹಾಕ್ತಾಳೆ." ಸುಳ್ಳೇನಲ್ಲ. ದನಗಳು ಕಂದು ಹಾಕುವ ರೋಗಕ್ಕೆ ಲಸಿಕೆ ತಯಾರಿಸುವ ಲ್ಯಾಬಿನಲ್ಲಿ ನಾನು ಅಗರ್ ಎಂಬ ಅಂಟುಪಾಕ ಕಾಯಿಸಿ ಪ್ಲೇಟುಗಳಿಗೆ ಹೊಯ್ಯುತ್ತೇನೆ. ಕೆಲವಕ್ಕೆ ಒಂದು ಕೆಂಪು ಔಷಧಿ ಬೆರೆಸುತ್ತೇನೆ. ಅದಿದ್ದಲ್ಲಿ ರೋಗ ತರುವ ಕಾಡು ತಳಿ ಸಾಯುತ್ತದೆ. ನಮ್ಮ ಲಸಿಕೆಯೊಳಗಿನ ಜೀವಂತ ತಳಿ ಮಾತ್ರ ಜಪ್ಪಯ್ಯ ಅಂದರೂ ಸಾಯುವುದಿಲ್ಲ. ಬೆಳೆದರೆ ನಮ್ಮದು, ಇಲ್ಲವಾದರೆ ಬೇರೆ. ಅಷ್ಟೇ ಲೆಕ್ಕ.

ಅದೇ ಲಸಿಕೆಯನ್ನು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಿ ಕರುಗಳಿಗೆ ಚುಚ್ಚುವವನು ನಮ್ಮಲ್ಲೇ ಹಂಗಾಮಿ ಕೆಲಸಕ್ಕಿರುವ ನನ್ನ ತಮ್ಮ. ತಿಂಗಳ ಮೇಲಾಯಿತು, ಅವನಿಗೆ ಜ್ವರ. ಬೆಳಿಗ್ಗೆ ಇಳಿಯುತ್ತದೆ, ಸಂಜೆಗೆ ಏರುತ್ತದೆ, ಹೊದಿಕೆ ಹಿಂಡಬೇಕು ಅಷ್ಟು ಬೆವರು. "ಸೂಜಿ ಏನಾದ್ರೂ ಚುಚ್ಕೊಂಡಿದ್ಯಾ?" ಎಂದು ಡಾಕ್ಟರು ಕೇಳಿದರು. ಇಲ್ಲ ಎಂದ. ಹಾಗಾದರೆ ದನದಿಂದ ಅಂಟಿದ ಕಾಡು ರೋಗವೇ ಎಂದು ಕೆಂಪು ಮಾತ್ರೆ ಬರೆದುಕೊಟ್ಟರು. ನಾನು ಪ್ಲೇಟಿಗೆ ಬೆರೆಸುತ್ತೇನಲ್ಲ, ಅದೇ ಔಷಧಿ. ದಿನಾ ನಾನೇ ಮುಂದೆ ನಿಂತು, ಗದರಿ ನುಂಗಿಸಿದೆ.

ಜ್ವರ ಜಗ್ಗಲಿಲ್ಲ. ಡಾಕ್ಟರು ಅವನ ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನು ನಮ್ಮಲ್ಲಿಗೇ ಕಳಿಸಿದರು. "ನಿನ್ನ ತಮ್ಮಂದು, ನೀನೇ ನೋಡಮ್ಮ," ಎಂದರು ಲ್ಯಾಬಿನ ಸಾಹೇಬರು. ಒಂದು ಬರೀ ಪ್ಲೇಟು, ಒಂದು ಮದ್ದು ಬೆರೆಸಿದ್ದು, ಎರಡರ ಮೇಲೂ ಅದನ್ನು ಗೀರಿ ಇನ್‌ಕ್ಯುಬೇಟರಿನೊಳಗಿಟ್ಟೆ.

ಈವತ್ತು ತೆಗೆದರೆ ಎರಡರಲ್ಲೂ ಬೆಳೆದಿತ್ತು.

ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಾನಲ್ಲ. ಮದ್ದು ಹಾಕುವುದನ್ನೇ ಮರೆತಿದ್ದೇನೆ ಎಂದುಕೊಂಡೆ. ಹಾಗೆ ಮರೆತಿರಲಿ ಎಂದು ಬೇಡಿಕೊಂಡೆ ಅಂತಲೇ ಹೇಳಬೇಕು. ಆದರೆ ಪರೀಕ್ಷೆಗೆಂದು ಅದೇ ಪಾಕದ ಇನ್ನೊಂದು ಪ್ಲೇಟಿಗೆ ಕಾಡು ತಳಿ ಹಚ್ಚಿದ್ದೆ. ಅಲ್ಲಿ ಒಂದು ಚುಕ್ಕಿಯೂ ಇರಲಿಲ್ಲ. ಮದ್ದು ಸರಿಯಾಗಿಯೇ ಬಿದ್ದಿತ್ತು.

ಕ್ರಿಮಿ ಬೆಳೆಸುವ ನಮ್ಮ ಕೋಣೆಗೆ ಕಿಟಕಿಯಿಲ್ಲ, ಎರಡು ಬಾಗಿಲು. ಒಳಗಿನದು ಪೂರ್ತಿ ಮುಚ್ಚದೆ ಹೊರಗಿನದು ತೆರೆಯುವುದಿಲ್ಲ. ನಡುವಿನ ಗೂಡಿನಲ್ಲಿ ನಿಲುವಂಗಿ ಕಳಚಿ, ಮೊಳಕೈವರೆಗೆ ತೊಳೆದು, ದೀಪ ಹಸಿರಾಗುವ ತನಕ ಕಾಯಬೇಕು. ಇಷ್ಟು ವರ್ಷ ಕಾದಿದ್ದೇನೆ. ಈವತ್ತು ಆಗಲಿಲ್ಲ. "ತೆಗಿ, ಹಾಳಾದ್ದೇ!" ಎಂದು ಬಾಗಿಲಿಗೆ ಗುದ್ದಿದೆ. ಬಾಗಿಲಿಗೇನು, ಅದರ ಪಾಡಿಗೆ ಅದು ಇತ್ತು.

ಸಾಹೇಬರಿಗೆ ಫಲಿತಾಂಶವನ್ನು ಸಂಜೆಯೊಳಗೆ ಹೇಳುತ್ತೇನೆಂದು ಮನೆಗೆ ಓಡಿದೆ. ತಮ್ಮ ಗೋಡೆಗೊರಗಿ ಕೂತಿದ್ದ.

"ಯಾವಾಗ ಚುಚ್ಕೊಂಡೆ?"

ಅವನು ಹೆಬ್ಬೆರಳನ್ನು ಮುಷ್ಟಿಯೊಳಗೆ ಸೇರಿಸಿದ. "ಕರು ಒದೀತು, ಅಕ್ಕ. ಒಂದು ಹನಿ ಹೋಗಿರ್ಬೇಕು ಅಷ್ಟೆ."

"ಬಾಯಲ್ಲೇನು ಕಡುಬು ಇಟ್ಕೊಂಡಿದ್ಯಾ? ಹೇಳೋಕಾಗಿರ್ಲಿಲ್ವಾ?"

"ಹೇಳಿದ್ರೆ ಮತ್ತೆ ಸೂಜಿ ಮುಟ್ಟೋಕೆ ಬಿಡಲ್ಲ. ಖಾಯಂ ಆಗೋ ಆರ್ಡರು ಸಾಹೇಬ್ರ ಮೇಜಿನ ಮೇಲಿದೆ. ಅದೊಂದು ಕೈಗೆ ಬರ್ಲಿ, ಆಮೇಲೆ ನಾನೇ ಡಾಕ್ಟರಿಗೆ ಹೇಳ್ತೀನಿ. ಅಲ್ಲೀವರೆಗೂ ಮದ್ದಿನ ಪ್ಲೇಟಲ್ಲಿ ಬೆಳೀಲಿಲ್ಲ ಅಂತ ಬರ್ದುಬಿಡು."

"ಬೆಳೀಲಿಲ್ಲ ಅಂತ ಬರೆದ್ರೆ ಇದೇ ಮಾತ್ರೆ ಮುಂದುವರಿಸ್ತಾರೆ ಕಣೋ! ನಮ್ಮ ತಳಿಗೆ ಈ ಮಾತ್ರೆ ಲೆಕ್ಕಕ್ಕೇ ಇಲ್ಲ!"

"ಗೊತ್ತು."

"ಏನು ಗೊತ್ತು?"

"ಈ ಮಾತ್ರೆ ಇದಕ್ಕೆ ನಾಟಲ್ಲ ಅಂತ. ಟ್ರೇನಿಂಗಲ್ಲಿ ಮೊದಲನೇ ದಿನವೇ ಹೇಳಿದ್ರು."

"ಗೊತ್ತಿದ್ದೂ ನುಂಗಿದ್ಯಾ?"

"ನೀನು ನೀರು ಹಿಡ್ಕೊಂಡು ನಿಂತಿರ್ತಿದ್ದೆ. ಬೇಡ ಅಂದಿದ್ರೆ ಯಾಕೆ ಅಂತ ಕೇಳ್ತಿದ್ದೆ."

ಕಪಾಳಕ್ಕೆ ಬಾರಿಸಬೇಕೆನ್ನಿಸಿತು, ತಬ್ಬಿಕೊಂಡು ಅಳಬೇಕೆನ್ನಿಸಿತು. ಹೇಳಿದರೆ ಅವನ ಅನ್ನಕ್ಕೆ ನಾನೇ ಕಲ್ಲು ಹಾಕಿದಂತೆ. ಹೇಳದಿದ್ದರೆ ಆ ಜ್ವರ ಕೀಲಿಗಿಳಿದು, ಬೆನ್ನಿಗಿಳಿದು, ಇವನನ್ನು ಮೂಲೆಗೆ ಹಾಕುತ್ತದೆ. ನಾನು ಫೋನು ಎತ್ತಿ ಡಾಕ್ಟರ ನಂಬರು ಒತ್ತಿದೆ.

"ಅಕ್ಕಾ, ಬೇಡ. ನಿನ್ನ ದಮ್ಮಯ್ಯ." ಮುಂದಕ್ಕೆ ಬಾಗಿ ಎರಡೂ ಕೈಯಿಂದ ನನ್ನ ಮುಂಗೈ ಹಿಡಿದ. ಹೋರಿಗರುವಿನ ಕಿವಿ ಹಿಡಿದು ಒಬ್ಬನೇ ನಿಲ್ಲಿಸುತ್ತಿದ್ದವನು ಅವನು.

ಬಿಡಿಸಿಕೊಳ್ಳಲು ನನಗೆ ಬಲವೇ ಬೇಕಾಗಲಿಲ್ಲ. "ಹಲೋ" ಎಂದರು ಡಾಕ್ಟರು ಆ ಕಡೆಯಿಂದ. ನಾನು ಅವನ ಮುಖ ನೋಡದೆ ಹೇಳಿದೆ.