ಬಿಚ್ಚಿಟ್ಟ ಪ್ಲಗ್

ಶಾಕಿರ್ ಗ್ಯಾರೇಜಿನ ಶಟರನ್ನು ಮೊಣಕಾಲಿನವರೆಗೆ ಎತ್ತಿದ್ದ. ಅಷ್ಟರಲ್ಲಿ ಮಸೀದಿಯ ಮೈಕು ಹೆಸರು ಹೇಳಿತು. ಮಿಸ್ತ್ರಿ ಸತ್ತಾರ್ ಸಾಬರು ಬೆಳಗಿನ ನಮಾಜು ಮುಗಿಸಿ ತೀರಿಕೊಂಡಿದ್ದಾರೆ, ಮಧ್ಯಾಹ್ನದ ನಮಾಜಿನ ನಂತರ ಜನಾಜಾ. ಶಟರು ಅವನ ಕೈಯಿಂದ ಜಾರಿ ಧಡಾರೆಂದು ಬಿತ್ತು.

ಎದುರಿನ ಚಹಾದಂಗಡಿಯ ಅಂಬರೇಶ ಒಲೆಯಿಂದ ಕಣ್ಣೆತ್ತದೆ ಅಂದ: "ಹೋದ್ನಾ? ಇನ್ನ ಮ್ಯಾಲ ಹೋಗಿ ಆ ಸತ್ತ ದೇವದುರ್ಗದ ಹುಡುಗನ ಮುಂದ ನಿಂತು ಜವಾಬು ಕೊಡ್ಲಿ."

"ಬಾಯಿ ಮುಚ್ಚಲೇ."

"ನಾನ್ಯಾಕ ಮುಚ್ಲಿ? ತಪ್ಪು ನಂದು ಅಂತ ಪೊಲೀಸ್ರ ಮುಂದ ತಾನ ಒಪ್ಪಿಕೊಂಡಾನ. ನೀನೂ ಅಲ್ಲೇ ನಿಂತಿದ್ದಿ."

ಶಾಕಿರ್ ಇಪ್ಪತ್ತು ವರ್ಷ ಸತ್ತಾರ್ ಸಾಬರ ಕೈಕೆಳಗೆ ದುಡಿದವನು. ಅಂಬರೇಶನಿಗೆ ಕೊಡಬೇಕಾದ ಉತ್ತರ ಅವನ ಬಳಿ ಇತ್ತು. ಅದನ್ನು ನುಂಗಿಕೊಂಡು ಉಸ್ತಾದರ ಮನೆಯ ಕಡೆ ನಡೆದ.

ಅಂಗಳದಲ್ಲಿ ಪರದೆ ಕಟ್ಟಿ ಮಯ್ಯತ್ತಿಗೆ ಸ್ನಾನ ಮಾಡಿಸುತ್ತಿದ್ದರು. ಮೂರು ಸಲ ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಗ್ರೀಸು ಹೋಗಲಿಲ್ಲ. ಹೆಂಡತಿ ಹೀರಾಬಿ ಗೋಡೆಗೆ ಒರಗಿ ಕುಳಿತಿದ್ದಳು. ಅವಳು ಅಳುತ್ತಿರಲಿಲ್ಲ.

"ಮೂರು ವರ್ಷ ಈ ಹೊಸ್ತಿಲ ಯಾರೂ ತುಳೀಲಿಲ್ಲ," ಎಂದಳು, ಬಂದ ಹೆಂಗಸರಿಗೆ ಕೇಳುವಂತೆ. "ಇವತ್ತ ಹ್ಯಾಂಗ ದಾರಿ ನೆನಪಾತು?"

"ಅಮ್ಮೀ, ಸುಮ್ನಿರು," ಎಂದಳು ಮಗಳು ಆತಿಯಾ.

"ನೀ ಸುಮ್ನಿರು. ಮಾನ್ವಿಯವ್ರು ನಿನ್ನ ನಿಶ್ಚಯ ಮುರಿದಾಗ ಯಾರು ಬಂದಿದ್ರು? ಮನುಷ್ಯಾನ್ನ ಕೊಂದವನ ಮನಿಯ ಹೆಣ್ಣು ಬ್ಯಾಡ ಅಂದ್ರು. ಆಗ ಯಾರು ಬಂದಿದ್ರು, ಹೇಳು."

ಶಾಕಿರ್ ತಲೆ ತಗ್ಗಿಸಿಕೊಂಡು ಮಯ್ಯತ್ತಿಗೆ ಹೊದಿಸುವ ಕಫನಿನ ಬಟ್ಟೆ ಬಿಡಿಸತೊಡಗಿದ.

*

ಸತ್ತಾರ್ ಸಾಬರು ಕೆಲಸ ಕಲಿತದ್ದು ಹೈದರಾಬಾದಿನಲ್ಲಿ. ರಾಯಚೂರಿನ ಸುತ್ತ ಸ್ಪೋರ್ಟ್ಸ್ ಕಾರುಗಳಿದ್ದದ್ದೇ ನಾಲ್ಕೋ ಐದೋ. ಎಲ್ಲವೂ ಹಳೆಯವು, ಎರಡು ಮೂರು ಕೈ ದಾಟಿ ಬಂದವು. ಎಲ್ಲಕ್ಕೂ ಒಂದೇ ರೋಗ. ಸುಗ್ಗಿಯಲ್ಲಿ ಹಾರುವ ಹತ್ತಿಯ ಎಳೆ, ಕರಿಮಣ್ಣಿನ ಧೂಳು ಫಿಲ್ಟರ್ ದಾಟಿ ಏರ್‌ಫ್ಲೋ ಸೆನ್ಸರಿನ ಮೇಲೆ ಕೂರುತ್ತಿದ್ದವು. ಎಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆಯೆಂದು ಅಳೆಯುವ ಸಾಮಾನು ಅದು. ಒಳಗೆ ಕೂದಲಿಗಿಂತ ಸಣ್ಣ ತಂತಿ. ಅದು ತಪ್ಪಾಗಿ ಅಳೆದರೆ ಪೆಟ್ರೋಲು ಹೆಚ್ಚು ಕಡಿಮೆಯಾಗಿ, ಓಡುವ ಕಾರು ನಡುದಾರಿಯಲ್ಲಿ ಸೋತುಬಿಡುತ್ತದೆ. ಸಾಬರು ಆ ತಂತಿಗೆ ಬಟ್ಟೆ ತಾಗಿಸುತ್ತಿರಲಿಲ್ಲ, ಯಾರನ್ನೂ ಊದಗೊಡುತ್ತಿರಲಿಲ್ಲ. ಸ್ಪ್ರೇ ಹೊಡೆದು ನೆರಳಿನಲ್ಲಿಟ್ಟು, ತಾನಾಗಿ ಒಣಗುವ ತನಕ ಕಾಯುತ್ತಿದ್ದರು. "ಇದು ಕಣ್ಣಿನ ಗುಡ್ಡಿ ಇದ್ದಾಂಗ," ಎನ್ನುತ್ತಿದ್ದರು.

ಮೂರು ವರ್ಷದ ಹಿಂದೆ ದೇವದುರ್ಗದ ವಿರೂಪಣ್ಣ ತನ್ನ ಕೆಂಪು ಎರಡು ಸೀಟಿನ ಕಾರು ತಂದ. ಜೊತೆಯಲ್ಲಿ ತಮ್ಮ ದುರುಗೇಶ.

"ತೊಳೆದು ಉಪಯೋಗ ಇಲ್ರಿ," ಎಂದರು ಸಾಬರು. "ಸೆನ್ಸರ್ ಸತ್ತದ. ಹೊಸಾದು ಹೈದರಾಬಾದಿಂದ ಬರಾಕ ನಾಲ್ಕು ದಿನ ಬೇಕು."

"ನಾಲ್ಕು ದಿನ ನಿನ್ನ ಮುಖ ನೋಡ್ಕೋತ ಕುಂದರ್ಲೇನು? ಈಗ ಊರಿಗೆ ಹೋಗಬೇಕು."

ಸಾಬರು ಬಾನೆಟ್ ಎತ್ತಿ ಸೆನ್ಸರಿಗೆ ಸಿಕ್ಕಿಸಿದ್ದ ವೈರಿನ ಪ್ಲಗ್ ಬಿಚ್ಚಿದರು. "ನೋಡ್ರಿ, ಇದು ಹಿಂಗ ಬಿಚ್ಚಿದ್ದೇ ಇರ್ಲಿ. ಕೆಟ್ಟ ಸೆನ್ಸರಿನ ಸುಳ್ಳು ಅಳತಿ ಎಂಜಿನ್ನಿಗೆ ಮುಟ್ಟಂಗಿಲ್ಲ. ಕಾರಿಗೆ ಜೋರು ಇರಂಗಿಲ್ಲ, ಆದ್ರ ನಡುವ ಕೈಕೊಡಂಗಿಲ್ಲ. ಮನಿ ಮುಟ್ಟೋ ತನಕ ಕೈ ಹಚ್ಚಬ್ಯಾಡ್ರಿ."

ಕಾರು ತೆವಳುತ್ತಾ ಹೊರಟಾಗ ದುರುಗೇಶ ಕಿಟಕಿಯಿಂದ ತಲೆ ಹಾಕಿ ನಕ್ಕ. "ಅಣ್ಣಾ, ಹಿಂದ ಸೈಕಲ್ಲು ಬರಾಕತ್ತದ. ದಾರಿ ಬಿಡು!"

ಕಲ್ಮಲದ ಬಳಿ ಹತ್ತಿಯ ಲಾರಿಯನ್ನು ದಾಟುವಾಗ ಎಂಜಿನ್ ಸೋತಿತು. ಎದುರಿಗೆ ಬಸ್ಸು ಬಂತು. ವಿರೂಪಣ್ಣ ಎಡಕ್ಕೆ ಹೊರಳಿಸಿದ. ದುರುಗೇಶ ಕುಳಿತಿದ್ದ ಕಡೆ ಲಾರಿಯ ಅಡಿಗೆ ಹೋಯಿತು.

ಸುದ್ದಿ ಕೇಳಿ ಸಾಬರೂ ಶಾಕಿರನೂ ಓಡಿದರು. ಜಜ್ಜಿದ ಬಾನೆಟ್ಟಿನ ಸಂದಿಯಲ್ಲಿ ಇಬ್ಬರೂ ಕಂಡರು: ಪ್ಲಗ್ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು. ಅವರಿಬ್ಬರೂ ಅದನ್ನು ನೋಡಿದ್ದನ್ನು ರಸ್ತೆಯ ಬದಿಯಲ್ಲಿ ಕುಳಿತಿದ್ದ ವಿರೂಪಣ್ಣ ಗಮನಿಸಿದ. ಅವನ ಪಕ್ಕದಲ್ಲಿ, ಅಷ್ಟರಲ್ಲಿ ಊರಿನಿಂದ ಬಂದು ಮುಟ್ಟಿದ್ದ ಮುದುಕಿ ತಾಯಿ ಬೂದೆಮ್ಮ, ಉಳಿದ ಮಗನ ಅಂಗಿಯನ್ನು ಎರಡೂ ಕೈಯಿಂದ ಹಿಡಿದು ಬಿಡದೆ ಕುಳಿತಿದ್ದಳು.

"ಪ್ಲಗ್ ಬಿಚ್ಚೋದು ನಾನ ಮರೆತೆ," ಎಂದು ಸಾಬರು ಪೊಲೀಸರಿಗೆ ಹೇಳಿದರು. ಹನ್ನೊಂದು ದಿನ ಒಳಗಿದ್ದು ಬಂದರು.

"ಯಾಕ ಉಸ್ತಾದ್?" ಎಂದು ಶಾಕಿರ್ ಕೇಳಿದ್ದ.

"ಸಣ್ಣ ಮಗನ್ನ ದೊಡ್ಡ ಮಗ ಕೊಂದ ಅಂತ ಆ ಮುದುಕಿ ಕಿವಿಗೆ ನಾ ಹ್ಯಾಂಗ ಹಾಕ್ಲಿ? ದೇವ್ರು ನೋಡ್ಯಾನ. ಅಷ್ಟು ಸಾಕು." ಆಮೇಲೆ ಯಾರಿಗೂ ಹೇಳಕೂಡದೆಂದು ಕುರಾನಿನ ಮೇಲೆ ಶಾಕಿರನಿಂದ ಆಣೆ ಮಾಡಿಸಿಕೊಂಡರು.

*

ಮಯ್ಯತ್ತನ್ನು ಮಲಗಿಸಿದ ಜನಾಜಾ ಎತ್ತುವ ಹೊತ್ತಾಯಿತು. ಪೇಶ್ ಇಮಾಮರು ಅಂಗಳದಲ್ಲಿ ನಿಂತು, ಪದ್ಧತಿಯಂತೆ ಕೇಳಿದರು: "ಈ ಮಯ್ಯತ್ತಿನ ಮ್ಯಾಲ ಯಾರದಾದ್ರೂ ಹಕ್ಕು ಉಳಿದಿದ್ರ, ಯಾರಿಗಾದ್ರೂ ಇವ್ರಿಂದ ನೋವಾಗಿದ್ರ, ದೇವರ ಹೆಸರಿನ್ಯಾಗ ಮಾಫ್ ಮಾಡ್ರಿ."

"ನಾ ಮಾಡಂಗಿಲ್ಲ."

ಬಾಗಿಲಲ್ಲಿ ದುರುಗೇಶನ ಹೆಂಡತಿ ಅಂಬಿಕಾ ನಿಂತಿದ್ದಳು. ಸುದ್ದಿ ಕೇಳಿ ದೇವದುರ್ಗದಿಂದ ಬಂದಿದ್ದಳು. ಅವಳ ಹಿಂದೆ ವಿರೂಪಣ್ಣ.

"ಮರೆತೆ ಅಂದ. ಮರೆತೆ! ಸಂತ್ಯಾಗ ಕೊತ್ತಂಬರಿ ಮರೆತಂಗ. ಈತ ಮರೆತಿದ್ದಕ್ಕ ನನ್ನ ಗಂಡ ಮಣ್ಣಾದ. ಹೆಣದ ಮುಂದ ನಿಂತು ಹೇಳಾಕತ್ತೀನಿ, ನನ್ನ ಮಾಫಿ ಇಲ್ದ ಹೋಗ್ಲಿ."

ಇಮಾಮರು ಕಣ್ಣು ಮುಚ್ಚಿಕೊಂಡರು. ಹೀರಾಬಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಗಂಡ ಈ ಒಂದು ಮಾತನ್ನು ಹೊತ್ತುಕೊಂಡೇ ಗೋರಿಗೆ ಇಳಿಯಬೇಕಲ್ಲ ಎಂಬುದೇ ಮೂರು ವರ್ಷದಿಂದ ಅವಳ ಭಯ.

"ಅಂಬಿಕಾ, ಹೇಳಿದ್ದಾತಲ್ಲ. ನಡಿ ಹೋಗೂಣು," ಎಂದ ವಿರೂಪಣ್ಣ.

ಶಾಕಿರ್ ಬಾಗಿಲಿಗೆ ಅಡ್ಡ ನಿಂತ. "ಎಲ್ಲಿಗೆ ಹೋಗ್ತೀರಿ ವಿರೂಪಣ್ಣ? ಮಾತಾಡ್ರಿ."

"ನಾ ಏನ್ ಮಾತಾಡ್ಲಿ? ದಾರಿ ಬಿಡು."

"ನನ್ನ ಬಾಯಿಗೆ ಆಣಿ ಅದ. ನಿಮ್ಮ ಬಾಯಿಗೆ ಏನದ? ನಿಮ್ಮ ತಾಯಿ ತೀರಿ ವರ್ಷಾತು. ಇನ್ನ ಯಾರಿಗೆ ಅಂಜಾಕತ್ತೀರಿ? ಜನಾಜಾ ಎತ್ತಿದ ಮ್ಯಾಲ ಹೇಳಿದ್ರ ಆತ ಕೇಳಂಗಿಲ್ರಿ."

ವಿರೂಪಣ್ಣ ಬಾಗಿಲಿನ ಕಡೆ ನೋಡಿದ, ಬಿಳಿ ಬಟ್ಟೆಯ ಕಡೆ ನೋಡಿದ.

"ಭಾವಾ?" ಎಂದಳು ಅಂಬಿಕಾ.

"ಸಾಬ್ರು ಪ್ಲಗ್ ಬಿಚ್ಚಿದ್ರು." ಅವನ ದನಿ ಸಣ್ಣದಾಗಿತ್ತು. "ದುರ್ಗ್ಯಾ ನಕ್ಕ. ಸೈಕಲ್ಲು ದಾಟ್ತಾವ ಅಂದ. ಹುಡುಗಾಟಕ್ಕ ಅಂದ. ನನಗ ಸಿಟ್ಟು ಬಂತು. ಕಲ್ಮಲದ ಈಚೆ ಕಾರು ನಿಲ್ಲಿಸಿ… ನಾನ ವಾಪಸ್ ಹಾಕಿದ್ನಿ."

ಅಂಬಿಕಾ ಕಿರುಚಲಿಲ್ಲ. ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಮೂರು ವರ್ಷ ನಿನ್ನ ಕೈಯಾಗಿನ ಕೂಳು ಉಂಡೆ," ಎಂದಳು. "ಈತನ ಮನಿ ಮುಂದ ಮಣ್ಣು ತೂರಿ ಶಾಪ ಹಾಕಾಕ ನನ್ನ ಕರ್ಕೊಂಡು ಬಂದಾವ ನೀನ. ಅವತ್ತ ನಾ ಹತ್ತಾಕ ಕಾರಿನ ಬಾಗಿಲಾನೂ ನೀನ ತೆಗೆದುಕೊಟ್ಟಿ."

ಅವಳು ಜನಾಜಾದ ಬಳಿ ಹೋಗಿ ಮಂಡಿಯೂರಿದಳು. "ಕಾಕಾ, ನಿಮ್ಮ ಮ್ಯಾಲ ನಂದೇನೂ ಇಲ್ಲ. ಅಂದಿದ್ದೆಲ್ಲಾ ವಾಪಸ್ ತಗೊಂಡೆ. ನೀವ ನನ್ನ ಮಾಫ್ ಮಾಡ್ರಿ."

ವಿರೂಪಣ್ಣ ಹೆಗಲು ಕೊಡಲು ಮುಂದೆ ಬಂದ. ಅಂಗಡಿ ಮುಚ್ಚಿ ಬಂದು ಗುಂಪಿನಲ್ಲಿ ನಿಂತಿದ್ದ ಅಂಬರೇಶ ಎಲ್ಲರಿಗಿಂತ ಮುಂಚೆ ಅವನ ಎದೆಗೆ ಕೈ ಇಟ್ಟು ತಡೆದ. "ಹಿಂದ ಸರೀರಿ," ಎಂದ. ತಾನೂ ಜನಾಜಾದ ಬಿದಿರು ಮುಟ್ಟಲು ನಾಚಿ ಹಿಂದೆ ಸರಿದ.

ಇಮಾಮರು ಮತ್ತೆ ಕೇಳಿದರು. "ಇನ್ಯಾರಾದ್ರೂ?"

"ನಾನದೀನಿ," ಎಂದಳು ಹೀರಾಬಿ.

ಎತ್ತಲು ಬಾಗಿದವರು ನಿಂತರು.

"ಮುದುಕಿ ಮ್ಯಾಲ ಕರುಣಿ ಬಂತು ನಿಮಗ," ಎಂದಳು, ಗಂಡನ ಮುಚ್ಚಿದ ಮುಖಕ್ಕೆ. "ಮಗಳ ಮ್ಯಾಲ ಬರಲಿಲ್ಲ. ಆಕಿ ಅತ್ತಾಗ ಪಕ್ಕದಾಗ ಕುಂತಿದ್ರಿ. ನಾ ನಿಮ್ಮ ಕೈ ನೋಡಿ ನೋಡಿ, ಈ ಕೈ ಹ್ಯಾಂಗ ಮರೆತೀತು ಅಂತ ಬೈದೆ. ಆಗಾದ್ರೂ ಹೇಳಬಾರದಾಗಿತ್ತೇನ್ರಿ? ನಾ ಏನು ಹೊರಗಿನಾಕಿಯಾ?"

ಶಾಕಿರ್ ಒಂದು ಹೆಜ್ಜೆ ಮುಂದಿಟ್ಟ. "ಭಾಬಿ…"

"ನೀ ನನ್ನ ಕಣ್ಣ ಮುಂದ ನಿಲ್ಲಬ್ಯಾಡ. ನಿನಗ ಗೊತ್ತಿತ್ತು."

ಅಜಾನ್ ಕೇಳಿಬಂತು. ಆತಿಯಾ ತಾಯಿಯ ಭುಜ ಹಿಡಿದಳು. ಹೀರಾಬಿ ಮಾಫ್ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಎತ್ತಿರಿ ಎಂದು ಕೈ ಮಾಡಿದಳು. ಜನಾಜಾ ಹೆಗಲಿಂದ ಹೆಗಲಿಗೆ ಸಾಗಿ ಓಣಿಯ ತಿರುವಿನಲ್ಲಿ ಮರೆಯಾಯಿತು. ವಿರೂಪಣ್ಣ ಬಹಳ ದೂರದಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು, ಒಬ್ಬನೇ ಹಿಂದೆ ನಡೆದ. ಯಾರೂ ತಿರುಗಿ ನೋಡಲಿಲ್ಲ.

ಅಂಗಳದಲ್ಲಿ ಹೆಂಗಸರು ಉಳಿದರು. ಅಂಬಿಕಾ ಹೋಗಲಿಲ್ಲ, ಎಲ್ಲಿಗೆ ಹೋಗಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಹೀರಾಬಿ ಅವಳನ್ನು ಕರೆಯಲೂ ಇಲ್ಲ, ಕಳಿಸಲೂ ಇಲ್ಲ. ಬಹಳ ಹೊತ್ತಾದ ಮೇಲೆ, ಮಣ್ಣು ಕೊಟ್ಟಿರಬೇಕು ಎನಿಸಿದಾಗ, ಪಶ್ಚಿಮಕ್ಕೆ ತಿರುಗಿ ಎರಡೂ ಅಂಗೈ ಎತ್ತಿದಳು. ಆ ಪ್ರಾರ್ಥನೆಗೆ ಕೈ ಹೇಗೆ ಹಿಡಿಯಬೇಕೆಂದು ಅರಿಯದ ಅಂಬಿಕಾ, ಅವಳನ್ನು ನೋಡಿ ತನ್ನ ಅಂಗೈಗಳನ್ನೂ ಹಾಗೆಯೇ ತೆರೆದಳು.

"ಯಾ ಅಲ್ಲಾಹ್," ಎಂದಳು ಹೀರಾಬಿ, "ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅದನ್ನ ಆತನ ಮ್ಯಾಲ ಹಾಕಬ್ಯಾಡ, ನನ್ನ ಕಡೆನ ಇರ್ಲಿ. ಆತನ ಗೋರಿ ಅಗಲ ಮಾಡು, ತಂಪು ಮಾಡು. ಮೂರು ವರ್ಷ ನಿದ್ದಿ ಮಾಡಿಲ್ಲ ಆತ. ಮಲಗಿಸು."