ಹೆಂಚು ಕೈಯಾಡಿಸಿದ್ದಕ್ಕೆ ಸಾಕ್ಷಿ

ಮಾಡಬಾರದ ಕೆಲಸ ಮಾಡಿದ್ದು ದೇವಿರಮ್ಮನೇ, ಅದನ್ನು ಅವಳೂ ಅಲ್ಲಗಳೆಯಲಿಲ್ಲ. ಗಾಳಿಮಳೆಗೆ ಹಲಗೂರಿನ ಅವಳ ಮನೆಯ ಅರ್ಧ ಹೆಂಚು ಹಾರಿಹೋಗಿತ್ತು. ವಿಮೆ ದುಡ್ಡು ಬಾರದಿದ್ದರೆ ಮಳೆಗಾಲವಿಡೀ ಟಾರ್ಪಾಲೇ ಗತಿ. ಕಂಪನಿಯ ಸಾಹೇಬರು ನೋಡಲು ಬರುತ್ತಾರೆಂದು ಗೊತ್ತಾದದ್ದೇ ತಡ, ಬಂದವರ ಕಣ್ಣಿಗೆ ಮನೆ ಗಲೀಜಾಗಿ ಕಾಣಬಾರದೆಂದು ಗುಡಿಸಿ, ಸಾರಿಸಿ, ರಂಗೋಲಿ ಬಿಟ್ಟಳು. ವಿಮೆಯವರಿಗೆ ತೋರಿಸಬೇಕಿದ್ದ ಒಡೆದ ಹೆಂಚನ್ನೆಲ್ಲ ಹೊತ್ತು ತಂದು, ಸಾಹೇಬರ ಬೂಟಿಗೆ ಕೆಸರಾಗದಿರಲೆಂದು ಬಾಗಿಲ ಮುಂದಿನ ಗುಂಡಿಗೆ ಸುರಿದು ತುಳಿದಳು. ನಮ್ಮ ಕಡೆ ನೆಂಟರು ಬಂದರೂ ಹೀಗೇ, ಜಪ್ತಿಗೆ ಅಮೀನ ಬಂದರೂ ಹೀಗೇ.

ಸಿದ್ದರಾಜು ಎಂಬ ಆ ಸಾಹೇಬ ಮಂಡ್ಯದಿಂದ ಬೈಕಿನಲ್ಲಿ ಬಂದ. ಸೂರು ನೋಡಿದ, ನೆಲ ನೋಡಿದ.

"ಒಡೆದ ಹೆಂಚು ಎಲ್ಲಮ್ಮಾ?"

"ನೀವು ತುಳ್ಕಂಡು ಬಂದ್ರಲ್ಲ ಸಾ, ಅದೇಯ."

ಅವನು ಹೊರಗೆ ಹೋಗಿ, ಗುಂಡಿಯ ಫೋಟೊ ತೆಗೆದುಕೊಂಡು ಬಂದ. ಅಲ್ಲಿಗೆ ಗೆದ್ದೆ ಅಂದುಕೊಂಡಳು. ಎಲ್ಲಿಯ ಗೆಲುವು?

"ವರ್ಷಾ ವರ್ಷಾ ಮನೆ ದುರಸ್ತಿ ಮಾಡಿಸ್ತಾ ಇರದಿದ್ರೆ ಕ್ಲೇಮು ಸಿಗಲ್ಲಮ್ಮಾ. ಇಲ್ಲೊಂದು ಸೈನ್ ಹಾಕಿ," ಎಂದು ಹಾಳೆ ಚಾಚಿದ.

ದೇವಿರಮ್ಮ ಏಳನೇ ಕ್ಲಾಸು ಓದಿದವಳು. ಬೆರಳಿಟ್ಟು ಓದಿದಳು. 'ವಾರ್ಷಿಕ ನಿರ್ವಹಣೆ: ಇಲ್ಲ.' ಅವನು ಬಂದಾಗಿನಿಂದ ಪೆನ್ನನ್ನೇ ತೆಗೆದಿರಲಿಲ್ಲ. ಅವಳ ಪಿತ್ತ ನೆತ್ತಿಗೇರಿತು.

"ಮಂಡ್ಯದಲ್ಲೇ ಬರ್ಕಂಡು ಬಂದ್ಯೇನಪ್ಪಾ? ಅಳ್ಳಿ ಮನೆ, ಹೆಂಚಿನ ಮನೆ, ಇವ್ರೇನು ನೋಡ್ಕಂಡಾರು ಅಂತಾನಾ?"

ಗಂಡ ಮುದ್ದಯ್ಯ ಮೂಲೆಯಿಂದ ಗೊಣಗಿದ. "ಬುಡೇ ಅತ್ಲಾಗೆ, ದೊಡ್ಡೋರ ಜೊತೆ ಯಾಕೆ."

"ಯಾಕ್ ಬುಡ್ಲಿ? ವರ್ಸಾ ವರ್ಸಾ ಹೆಂಚು ಕೈಯಾಡ್ಸೋಳು ನಾನು!"

ಸುಳ್ಳಲ್ಲ. ಹನ್ನೊಂದು ವರ್ಷದಿಂದ ಮುಂಗಾರಿಗೆ ಮುಂಚೆ ಹೆಂಚು ಒಂದೊಂದೇ ಇಳಿಸಿ, ಒಡೆದದ್ದನ್ನು ಬದಲಿಸಿ, ಗೆದ್ದಲು ಹತ್ತದಿರಲೆಂದು ಹೆಂಚು ಕೂರುವ ಮರದ ರೀಪರಿಗೆಲ್ಲ ಗ್ಯಾರೇಜಿನ ಹಳೇ ಆಯಿಲ್ಲು ಬಳಿಯುತ್ತಿದ್ದಳು. ಹೆಂಗಸಾಗಿ ಸೂರು ಹತ್ತುತ್ತಾಳೆಂದು ಬೀದಿಯೇ ನಕ್ಕಿತ್ತು. ನಕ್ಕರೆ ನಗಲಿ ಅಂದಿದ್ದಳು.

ಏಣಿ ತಂದು ಗೋಡೆಗೆ ಒರಗಿಸಿದಳು. "ಅತ್ತಿ ಸಾ. ಉಳ್ದಿರೋ ರೀಪರ್ ಮುಟ್ಟಿ ನೋಡಿ. ಒಂದೇ ಒಂದು ಗೆದ್ಲು ಸಿಕ್ರೂ ನೀವು ಏಳಿದ್ ಕಡೆ ಸೈನ್ ಹಾಕ್ತೀನಿ."

"ಕೆಳಗಿಂದಲೇ ಕಾಣ್ತದಮ್ಮಾ."

"ಕೆಳಗಿಂದ್ಲೂ ನೋಡ್ದೆ ಬರ್ದಿದ್ದೀರಿ. ಅತ್ತಿ. ಏಣಿ ನಾನು ಇಡ್ಕತೀನಿ."

ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತಿದ್ದರು. ಸಿದ್ದರಾಜು ಬೂಟು ಬಿಚ್ಚಿ ಹತ್ತಿದ. ಒಂದು ರೀಪರು ತಟ್ಟಿದ, ಇನ್ನೊಂದನ್ನು ಉಗುರಿನಲ್ಲಿ ಕೆರೆದ, ಸಂದಿಗೊಂದಿಯಲ್ಲಿ ಬೆರಳಾಡಿಸಿದ. ಇಳಿದಾಗ ಎರಡೂ ಅಂಗೈ ಕಪ್ಪು ಜಿಡ್ಡು. ಪೆನ್ನು ತೆಗೆದು 'ಇಲ್ಲ' ಹೊಡೆದುಹಾಕಿ, 'ಪ್ರತಿ ವರ್ಷ ಇದೆ, ಖುದ್ದು ನೋಡಿದ್ದೇನೆ' ಎಂದು ಬರೆದ. ಹಾಳೆಯ ಮೇಲೆ ಅವನ ಹೆಬ್ಬೆರಳಿನ ಗುರುತು ದಪ್ಪಗೆ ಒತ್ತಿಕೊಂಡಿತು.

"ಛೆ, ಮಸಿಯಾಯ್ತು. ಬೇರೆ ಹಾಳೇಲಿ ಬರೀತೀನಿ ತಾಯಿ."

ದೇವಿರಮ್ಮ ಅವನ ಕೈಯಿಂದ ಪೆನ್ನು ಕಸಿದುಕೊಂಡು, ಅದೇ ಹಾಳೆಯ ಕೆಳಗೆ ತನ್ನ ಹೆಸರನ್ನು ಪೂರ್ತಿ ಬರೆದಳು.

"ಬ್ಯಾಡ. ಇದ್ನೇ ಕೊಡಿ ಆಪೀಸ್ಗೆ. ನೀವು ಮೇಲತ್ತಿ ನೋಡಿದ್ಕೆ ಸಾಕ್ಷಿ ಬೇಕಲ್ಲ."